ಲೋಹದೊಡವೆಯ ಕೈಕಸುಬು: ಉಡುಪಿ, ಮಣಿಪಾಲ, ಕಾಪು, ಕಾರ್ಕಳ

ಚಿನ್ನ, ಬೆಳ್ಳಿ, ತಾಮ್ರ, ಹಿತ್ತಾಳೆ, ಕಂಚು, ಪಂಚಲೋಹಗಳನ್ನು ಕಾಯಿಸಿ, ಬಡಿದು, ತಂತಿ ಎಳೆದು, ಎರಕ ಹೊಯ್ದು ಒಡವೆ ಮಾಡುವ ಕಸುಬು ಉಡುಪಿ ಸೀಮೆಯಲ್ಲಿ ಮನೆಯ ಜಗಲಿಯಿಂದ ರಥಬೀದಿಯ ಅಂಗಡಿಯವರೆಗೆ ಹಬ್ಬಿದೆ. ತುಳುವಿನಲ್ಲಿ ಚಿನ್ನ ‘ಬಂಗಾರ್’, ಬೆಳ್ಳಿ ‘ಬೊಳ್ಳಿ’. ಮುದ್ದಿನ ಮಗುವನ್ನು ಕರೆಯುವುದೂ ಬಂಗಾರ್ ಎಂದೇ.

ಇಲ್ಲಿ ಒಡವೆ ಮಾಡುವವನು ಬಹುಕಾಲ ಒಡವೆ ಮಾರುವವನಾಗಿರಲಿಲ್ಲ. ಗಿರಾಕಿ ಹಳೆಯ ಚಿನ್ನ ತಂದು ಎದುರಿಗೆ ಕೂರುತ್ತಿದ್ದ. ತೂಗಿ, ಕರಗಿಸಿ, ಬಡಿದು ಕೊಟ್ಟ ಕೆಲಸಕ್ಕೆ ಆಚಾರಿ ಮಜೂರಿ ಪಡೆಯುತ್ತಿದ್ದ. ಆಮೇಲೆ ಅಂಗಡಿ ನಡುವೆ ಬಂತು. ಹಾಕಿಕೊಳ್ಳುವವರಿಗೆ ಮಾಡಿದವನ ಮುಖ ಕಾಣದಾಯಿತು, ಮಾಡಿದವನಿಗೆ ಹಾಕಿಕೊಳ್ಳುವವರ ಕಿವಿ–ಕೊರಳು ಕಾಣದಾಯಿತು. ಕೈಕೆಲಸದ ಒಡವೆಯನ್ನೇ ನಂಬಿ ಇಂದು ನಿಂತಿರುವ ಸಣ್ಣ ಉದ್ಯಮಗಳು ಈ ಇಬ್ಬರನ್ನು ಮತ್ತೆ ಎದುರುಬದುರು ಕೂರಿಸಲು ನೋಡುತ್ತಿವೆ.

ಕಸುಬಿನವರು

ಕರಾವಳಿಯಲ್ಲಿ ಚಿನ್ನದ ಕೆಲಸ ಪರಂಪರೆಯಿಂದ ಮುಖ್ಯವಾಗಿ ಎರಡು ಸಮುದಾಯಗಳದ್ದು. ಒಂದು ವಿಶ್ವಕರ್ಮರು. ಊರವರ ಬಾಯಲ್ಲಿ ಇವರು ಆಚಾರಿಗಳು, ಹೆಸರಿನ ಕೊನೆಗೆ ಆಚಾರ್ಯ ಎಂದಿರುತ್ತದೆ. ಇನ್ನೊಂದು ಕೊಂಕಣಿ ಮಾತಾಡುವ ದೈವಜ್ಞ ಬ್ರಾಹ್ಮಣರು. ಶೇಟ್, ರಾಯ್ಕರ್, ರೇವಣಕರ್ ಎಂಬ ಅಡ್ಡಹೆಸರುಗಳಿಂದ ಗುರುತು ಸಿಗುತ್ತದೆ. ವಿಶ್ವಕರ್ಮರ ಐದು ಕುಲಕಸುಬುಗಳಲ್ಲಿ ಕಬ್ಬಿಣ, ಮರ, ಕಂಚು–ತಾಮ್ರ, ಕಲ್ಲುಗಳ ಜೊತೆಗೆ ಚಿನ್ನವೂ ಸೇರಿದೆ. ಇವರ ಆನೆಗುಂದಿ ಮಹಾಸಂಸ್ಥಾನ ಸರಸ್ವತೀ ಪೀಠ ಕಾಪು ತಾಲೂಕಿನ ಪಡುಕುತ್ಯಾರಿನಲ್ಲಿದೆ. ಕಾರ್ಕಳ ಮತ್ತು ಬಾರ್ಕೂರಿನ ಕಾಳಿಕಾಂಬಾ ದೇವಸ್ಥಾನಗಳು ಇದೇ ಸಮಾಜದವು. ದೈವಜ್ಞರ ಜ್ಞಾನೇಶ್ವರಿ ಪೀಠ ಉತ್ತರ ಕನ್ನಡದ ಹೊನ್ನಾವರದ ಬಳಿ ಕರ್ಕಿಯಲ್ಲಿದೆ.

ಇದೇ ಕಸುಬಿನವರನ್ನು ಬಯಲುಸೀಮೆಯಲ್ಲಿ ಅಕ್ಕಸಾಲಿಗರೆಂದೂ ಉತ್ತರ ಕರ್ನಾಟಕದಲ್ಲಿ ಪತ್ತಾರರೆಂದೂ ಕರೆಯುತ್ತಾರೆ. ಹಳಗನ್ನಡದ ಮಾತು ‘ಅಕ್ಕಸಾಲೆ’. ಹನ್ನೆರಡನೆಯ ಶತಮಾನದ ಶರಣ ಕಿನ್ನರಿ ಬೊಮ್ಮಯ್ಯ ಮೊದಲು ಅಕ್ಕಸಾಲೆಯಾಗಿದ್ದವನು, ಕಸುಬು ಬಿಟ್ಟು ಕಿನ್ನರಿ ಹಿಡಿದವನು ಎಂದು ಶರಣರ ಕಥೆಗಳು ಹೇಳುತ್ತವೆ.

ಲೋಹದ ಮೇಲೆ ಗೆರೆ ಕೊರೆಯುವ ಕೈ ಈ ನೆಲಕ್ಕೆ ಹೊಸದಲ್ಲ. ತುಳುನಾಡನ್ನಾಳಿದ ಆಳುಪರ ಚಿನ್ನದ ನಾಣ್ಯಗಳಲ್ಲಿ ಜೋಡಿ ಮೀನಿನ ಲಾಂಛನವಿದೆ. ಅವರ ರಾಜಧಾನಿಯಾಗಿದ್ದ ಬಾರ್ಕೂರು ವಿಜಯನಗರದ ಕಾಲದಲ್ಲೂ ನಾಣ್ಯಕ್ಕೆ ಹೆಸರಾಗಿತ್ತು. ‘ಬಾರಕೂರು ಗದ್ಯಾಣ’ ಎಂಬ ಮಾತು ಶಾಸನಗಳಲ್ಲಿ ಸಿಗುತ್ತದೆ. ಕಾರ್ಕಳದಲ್ಲಿ 1432ರಲ್ಲಿ ವೀರಪಾಂಡ್ಯ 42 ಅಡಿಯ ಗೊಮ್ಮಟನನ್ನು ನಿಲ್ಲಿಸುವ ಹೊತ್ತಿಗೆ, ಪಕ್ಕದ ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಪಂಚಲೋಹದ ಚಂದ್ರನಾಥ ಮೂರ್ತಿ ಬೇಕಾಗಿತ್ತು. ಕಲ್ಲಿನವರಿಗೂ ಲೋಹದವರಿಗೂ ಆಶ್ರಯ ಕೊಟ್ಟವರು ಹೆಚ್ಚುಕಡಿಮೆ ಒಂದೇ ಅರಸರು, ಒಂದೇ ಸೆಟ್ಟರು.

ಒಡವೆಗಳು, ಹೆಸರುಗಳು

ಉಡುಪಿಯ ಒಡವೆಗಳಲ್ಲಿ ಒಂದೊಂದು ಸಮುದಾಯದ ಗುರುತು ಒಂದೊಂದು. ಕಿವಿಯ ಹಾಲೆಗೆ ಬೆಂಡೋಲೆ, ಮೇಲಂಚಿಗೆ ಬುಗುಡಿ, ಭಾರ ಹೊರಲು ಮಾಟಿ. ಕೊರಳಿಗೆ ಕರಿಮಣಿ, ಚಕ್ರಸರ, ಪವನಿನ ಸರ, ಮಲ್ಲಿಗೆ ಮೊಗ್ಗಿನ ಸರ. ಮೂಗಿಗೆ ಮೂಗುತಿ, ಬೆರಳಿಗೆ ವಂಕಿ ಉಂಗುರ, ಜಡೆಗೆ ಕೇದಗೆ ಮತ್ತು ನಾಗರ, ಸೊಂಟಕ್ಕೆ ಡಾಬು. ಗೌಡ ಸಾರಸ್ವತರ ಹೆಂಗಸರಿಗೆ ಕಾಶಿತಾಳಿ, ಕ್ರೈಸ್ತ ವಧುವಿಗೆ ಪಿರ್ದುಕ್, ಬ್ಯಾರಿ ಹೆಂಗಸರ ಕಿವಿಗೆ ಅಲಿಕತ್ತ್. ಮಗುವಿನ ಸೊಂಟಕ್ಕೆ ಬೆಳ್ಳಿಯ ನೇವಳ. ಕಾಲಿಗೆ ಮಾತ್ರ ಯಾರ ಮನೆಯಲ್ಲೂ ಸಾಮಾನ್ಯವಾಗಿ ಚಿನ್ನ ಹಾಕುವುದಿಲ್ಲ; ಲಕ್ಷ್ಮಿಯನ್ನು ಕಾಲಿಗೆ ಕಟ್ಟಬಾರದೆಂಬ ನಂಬಿಕೆಯಿಂದ ಗೆಜ್ಜೆ, ಕಾಲುಂಗುರಗಳು ಬೆಳ್ಳಿಯವೇ.

ತೂಕದ ಮಾತು ಇಂದಿಗೂ ಹಳೆಯದೇ. ‘ಎಷ್ಟು ಪವನಿನದ್ದು?’ ಎಂಬುದು ಮದುವೆಮನೆಯ ಮೊದಲ ಪ್ರಶ್ನೆ. ಒಂದು ಪವನೆಂದರೆ ಬ್ರಿಟಿಷ್ ಸಾವರಿನ್ ನಾಣ್ಯದ 7.988 ಗ್ರಾಂ, ವ್ಯವಹಾರದಲ್ಲಿ 8 ಗ್ರಾಂ ಎಂದೇ ಲೆಕ್ಕ. ತೊಲವೆಂದರೆ 11.664 ಗ್ರಾಂ. ಅದಕ್ಕೂ ಹಿಂದಿನ ಬಟ್ಟು ಗುಲಗಂಜಿ, ಕೆಂಪು ಮೈ, ಕಪ್ಪು ಕಣ್ಣಿನ ಕಾಡುಬೀಜ.

ಯಕ್ಷಗಾನದ ವೇಷ ನೋಡಿದ ಹೊರ ಊರಿನವರು ಅದೂ ಚಿನ್ನದ ಕೆಲಸವೆಂದು ಬೆರಗಾಗುವುದುಂಟು. ಭುಜಕಿರೀಟ, ಎದೆಪದಕಗಳು ಹಗುರ ಮರದವು. ಮೇಲೆ ಹೊಳೆಯುವುದು ಬೇಗಡೆ. ಅದು ಮರದ ಕೆಲಸದ ಇನ್ನೊಂದು ಕವಲು.

ದೈವ, ದೇವರ ಕೆಲಸ

ಕೈಕೆಲಸಗಾರನಿಗೆ ಈ ಸೀಮೆಯಲ್ಲಿ ಮದುವೆಯಷ್ಟೇ ಕೆಲಸ ಕೊಡುವುದು ಗುಡಿ ಮತ್ತು ದೈವಸ್ಥಾನ. ಉತ್ಸವಮೂರ್ತಿಯ ಕವಚ, ಪ್ರಭಾವಳಿ, ಪಲ್ಲಕ್ಕಿಯ ಬೆಳ್ಳಿ ತಗಡು ಎಲ್ಲ ಉಬ್ಬು ಕೆಲಸ. ತಗಡನ್ನು ಅರಗಿನ ಹಾಸಿನ ಮೇಲಿಟ್ಟು ಹಿಂಬದಿಯಿಂದ ಉಳಿಯಲ್ಲಿ ಬಡಿದರೆ ಮುಂಬದಿಗೆ ಹೂಬಳ್ಳಿ ಏಳುತ್ತದೆ. ಪಲಿಮಾರು ಮಠದ ವಿದ್ಯಾಧೀಶ ತೀರ್ಥರ ಪರ್ಯಾಯ ಕಾಲದಲ್ಲಿ, 2019ರಲ್ಲಿ, ಉಡುಪಿ ಕೃಷ್ಣ ಮಠದ ಗರ್ಭಗುಡಿಯ ಮಾಡಿಗೆ ಚಿನ್ನದ ಹೊದಿಕೆ ಬಂದು ಸುವರ್ಣ ಗೋಪುರವಾಯಿತು. ಕಾಪುವಿನ ಹೊಸ ಮಾರಿಗುಡಿ ಜೀರ್ಣೋದ್ಧಾರಗೊಂಡು 2025ರ ಫೆಬ್ರವರಿ–ಮಾರ್ಚ್‌ನಲ್ಲಿ ಬ್ರಹ್ಮಕಲಶೋತ್ಸವ ನಡೆದಾಗ ಅಮ್ಮನಿಗೆ ಸ್ವರ್ಣ ಗದ್ದುಗೆ ಸಂದಿತು. ಇಂಥ ದೊಡ್ಡ ಕೆಲಸ ಅಪರೂಪ. ಊರ ದೈವಸ್ಥಾನಕ್ಕೆ ಮುಗ (ದೈವದ ಮುಖವಾಡ), ಕಡ್ಸಲೆ (ಖಡ್ಗ), ತಲೆಪಟ್ಟಿ, ಗಗ್ಗರ ಮಾಡಿಸುವುದು, ಹಳತನ್ನು ರಿಪೇರಿ ಮಾಡಿಸುವುದು ಪ್ರತಿ ವರ್ಷವೂ ಇದ್ದದ್ದೇ.

ಇವುಗಳಲ್ಲಿ ಗಗ್ಗರವನ್ನು ಹತ್ತಿರದಿಂದ ನೋಡಬೇಕು. ಕೋಲದಲ್ಲಿ ದೈವ ಕಟ್ಟುವವರು ಕಾಲಿಗೆ ಹಾಕುವ ಟೊಳ್ಳು ಕಡಗ ಇದು. ಒಳಗೆ ಲೋಹದ ಹರಳುಗಳು, ಮೇಲೆ ಸೀಳು. ಇಂಥ ಟೊಳ್ಳು ಒಡವೆಯನ್ನು ಎರಕ ಹೊಯ್ಯುವ ಕ್ರಮ ಸಾವಿರ ವರ್ಷಕ್ಕೂ ಹಳೆಯದು. ಮೊದಲು ಹರಳುಗಳನ್ನು ಒಳಗಿಟ್ಟು ಜೇಡಿಮಣ್ಣಿನ ತಿರುಳು ಕಟ್ಟುತ್ತಾರೆ. ಅದರ ಮೇಲೆ ಜೇನುಮೇಣಕ್ಕೆ ರಾಳ ಬೆರೆಸಿ ಮಾಡಿದ ಮೇಣದ ಪದರ. ಗೆರೆ, ಗುಂಡು, ಎಳೆ ಎಲ್ಲ ಅಲಂಕಾರವೂ ಮೇಣದಲ್ಲೇ ಆಗಬೇಕು. ಮೇಲಿಂದ ನುಣುಪಾದ ಮಣ್ಣಿನ ಲೇಪ, ಒಣಗಿದ ಮೇಲೆ ಒರಟು ಮಣ್ಣು. ಅಚ್ಚನ್ನು ಕಾಯಿಸಿದಾಗ ಮೇಣ ಕರಗಿ ಹೊರಬರುತ್ತದೆ, ಬಿಟ್ಟ ಜಾಗಕ್ಕೆ ಕಾದ ಕಂಚು ಇಳಿಯುತ್ತದೆ. ತಣಿದ ಮೇಲೆ ಅಚ್ಚು ಒಡೆದು, ಸೀಳಿನಿಂದ ಒಳಗಿನ ಮಣ್ಣನ್ನು ಕೆದಕಿ ತೆಗೆದರೆ ಹರಳು ಮಾತ್ರ ಒಳಗುಳಿದು ಸದ್ದು ಮಾಡುತ್ತದೆ. ಸದ್ದಿಗಾಗಿಯೇ ಬಳಸುವ ಘಂಟೆಕಂಚಿನಲ್ಲಿ ತಾಮ್ರ ಸುಮಾರು ಶೇ. 78, ತವರ ಶೇ. 22. ತವರ ಹೆಚ್ಚಾದಷ್ಟೂ ನಾದ ಚೆನ್ನ, ಆದರೆ ಕೆಳಗೆ ಬಿದ್ದರೆ ಒಡೆಯುವ ಭಯವೂ ಹೆಚ್ಚು. ಈ ಮೇಣದೆರಕದ ಪಾಠ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲೂ ಇದೆ, ಮೇಣವನ್ನು ತೂಗಿ ಅದಕ್ಕೆ ಎಷ್ಟು ಪಟ್ಟು ಲೋಹ ಬೇಕೆಂದು ಲೆಕ್ಕ ಹಾಕುವ ಕ್ರಮವನ್ನು ಅದು ಹೇಳುತ್ತದೆ.

ಅಚ್ಚು ಒಡೆಯಲೇಬೇಕಾದ್ದರಿಂದ ಎರಡು ಗಗ್ಗರ ತದ್ರೂಪು ಒಂದೇ ಆಗುವುದಿಲ್ಲ. ಕೈಕೆಲಸ ಎಂದರೇನು ಎಂಬುದಕ್ಕೆ ಇದಕ್ಕಿಂತ ಸರಳ ವಿವರಣೆ ಬೇಕಿಲ್ಲ.

ಕುಲುಮೆಯ ಬಳಿ

ಆಚಾರಿಯ ಕೆಲಸದ ಜಾಗ ಆರಡಿ ಉದ್ದ, ಮೂರಡಿ ಅಗಲವಿದ್ದರೆ ಸಾಕು. ಅಡಿಗಲ್ಲು, ಸುತ್ತಿಗೆ, ಚಿಮಟ, ಅರ, ಮೂಸೆ, ಊದುಗೊಳವೆ, ತಂತಿ ಎಳೆಯುವ ಅಚ್ಚುಪಟ್ಟಿ, ಬೆಸುಗೆಗೆ ಬಿಳಿಗಾರ, ಪರೀಕ್ಷೆಗೆ ಒರೆಗಲ್ಲು. ತೆಂಗಿನ ನಾಡಿನಲ್ಲಿ ಒಲೆಗೆ ಗೆರಟೆಯ ಕರಿ ಸುಲಭದಲ್ಲಿ ಸಿಗುತ್ತಿತ್ತು. ಈಗ ಗ್ಯಾಸ್ ಟಾರ್ಚ್ ಬಂದಿದೆ. ಬೆಳ್ಳಿ 962 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಚಿನ್ನ 1064ರಲ್ಲಿ, ತಾಮ್ರ 1085ರಲ್ಲಿ ಕರಗುತ್ತದೆ. ಅಂಕಿ ಗೊತ್ತಿಲ್ಲದ ಹಿರಿಯರು ಲೋಹದ ಬಣ್ಣ ನೋಡಿಯೇ ಮೂಸೆ ಎತ್ತುತ್ತಿದ್ದರು.

ಕರಗಿದ ಲೋಹ ಕಡ್ಡಿಯಾಗುತ್ತದೆ. ಕಡ್ಡಿಯನ್ನು ಬಡಿದರೆ ತಗಡು, ಅಚ್ಚುಪಟ್ಟಿಯ ತೂತುಗಳಲ್ಲಿ ದೊಡ್ಡದರಿಂದ ಚಿಕ್ಕದಕ್ಕೆ ಎಳೆದರೆ ತಂತಿ. ನಾಲ್ಕಾರು ಸಲ ಎಳೆದರೆ ಲೋಹ ಗಡುಸಾಗಿ ತುಂಡಾಗುತ್ತದೆ. ಆಗಾಗ ಕೆಂಪಗೆ ಕಾಯಿಸಿ ಮೆತ್ತಗೆ ಮಾಡಿಕೊಳ್ಳಬೇಕು. ತಂತಿಯನ್ನು ಸಲಾಕಿಗೆ ಸುತ್ತಿ, ಉದ್ದಕ್ಕೆ ಕೊಯ್ದರೆ ಕೊಂಡಿಗಳು. ಕೊಂಡಿಗೆ ಕೊಂಡಿ ಸೇರಿಸಿ ಒಂದೊಂದಕ್ಕೂ ಬೆಸುಗೆ ಇಟ್ಟರೆ ಸರ. ಬೆಸುಗೆಯ ಲೋಹ ಒಡವೆಯ ಲೋಹಕ್ಕಿಂತ ತುಸು ಮೊದಲೇ ಕರಗಬೇಕು. ಕಣ್ಣು ತಪ್ಪಿದರೆ ಅರ್ಧ ದಿನದ ಸರ ಒಂದು ಗುಂಡಾಗಿ ಕೂರುತ್ತದೆ.

ಕೊನೆಗೆ ಅಂಟುವಾಳದ ನೊರೆಯಲ್ಲಿ ತಿಕ್ಕಿ ತೊಳೆಯುವುದು. ತೊಳೆದ ನೀರನ್ನೂ ನೆಲದ ಕಸವನ್ನೂ ಚೆಲ್ಲುವುದಿಲ್ಲ. ಅರದ ಪುಡಿ, ತಂತಿಯ ತುದಿ ಎಲ್ಲ ಅದರಲ್ಲಿರುತ್ತದೆ. ಅಕ್ಕಸಾಲೆಯ ಅಂಗಳದ ಮಣ್ಣು ತೊಳೆದು ಚಿನ್ನ ತೆಗೆಯುವವನಿಗೆ ಕನ್ನಡದಲ್ಲಿ ‘ಜಲಗಾರ’ ಎಂಬ ಬೇರೆ ಹೆಸರೇ ಇತ್ತು.

ಒರೆಗಲ್ಲಿನ ಪರೀಕ್ಷೆಯನ್ನು ಇಂದಿಗೂ ಬಿಟ್ಟಿಲ್ಲ. ಕಪ್ಪು ಕಲ್ಲಿನ ಮೇಲೆ ಒಡವೆಯ ಒಂದು ಗೆರೆ, ಪಕ್ಕದಲ್ಲಿ ಮಟ್ಟ ಗೊತ್ತಿರುವ ಚಿನ್ನದ ಇನ್ನೊಂದು ಗೆರೆ. ಮೇಲೆ ಒಂದು ಹನಿ ಆಸಿಡ್. ಕಲಬೆರಕೆ ಹೆಚ್ಚಿದ್ದ ಗೆರೆ ಮೊದಲು ಮಾಸುತ್ತದೆ. ಬ್ಯಾಂಕಿನಲ್ಲಿ ಚಿನ್ನ ಅಡವಿಡಲು ಹೋದವರು ಒಳಕೋಣೆಯಲ್ಲಿ ಈ ಕಲ್ಲು ಹಿಡಿದು ಕೂತ ಸರಾಫರನ್ನು ನೋಡಿರುತ್ತಾರೆ. ಹೆಚ್ಚಿನ ಸರಾಫರು ಚಿನ್ನದ ಕೆಲಸದ ಮನೆಯವರೇ. ಒಡವೆಯ ಆರ್ಡರ್ ಕಡಿಮೆಯಾದ ವರ್ಷಗಳಲ್ಲಿ ಅನೇಕ ಸಂಸಾರಗಳನ್ನು ಸಾಕಿದ್ದು ಈ ಪರೀಕ್ಷೆಯ ಕಮಿಷನ್.

1963ರ ಪೆಟ್ಟು, ಆಮೇಲಿನ ಅಂಗಡಿ

1962ರ ಚೀನಾ ಯುದ್ಧದ ಬೆನ್ನಿಗೆ, ಮೊರಾರ್ಜಿ ದೇಸಾಯಿ ಹಣಕಾಸು ಸಚಿವರಾಗಿದ್ದಾಗ, ಚಿನ್ನದ ನಿಯಂತ್ರಣ ಬಂತು. 1963ರ ಜನವರಿಯಿಂದ 14 ಕ್ಯಾರೆಟ್‌ಗಿಂತ ಶುದ್ಧವಾದ ಒಡವೆ ಮಾಡುವುದು ತಪ್ಪಾಯಿತು. 14 ಕ್ಯಾರೆಟ್ ಚಿನ್ನ ಗಡುಸು. ನಮ್ಮ ಉಬ್ಬು ಕೆಲಸಕ್ಕೆ, ಸಣ್ಣ ಗುಂಡುಗಳ ಕೆಲಸಕ್ಕೆ ಬಗ್ಗುವುದಿಲ್ಲ. ಗಿರಾಕಿಗೂ ಅದು ಬೇಡವಾಗಿತ್ತು. ದೇಶದಾದ್ಯಂತ ಅಕ್ಕಸಾಲಿಗರು ಕೆಲಸ ಕಳೆದುಕೊಂಡರು, ಆತ್ಮಹತ್ಯೆಗಳಾದವು. ಕ್ಯಾರೆಟ್ಟಿನ ಮಿತಿ ಕೆಲವೇ ವರ್ಷಗಳಲ್ಲಿ ಹೋಯಿತು, ಆದರೆ 1968ರ ಚಿನ್ನ ನಿಯಂತ್ರಣ ಕಾಯ್ದೆ 1990ರವರೆಗೆ ಉಳಿಯಿತು. ಅಷ್ಟರಲ್ಲಿ ಒಂದು ತಲೆಮಾರಿನ ಆಚಾರಿಗಳ ಮಕ್ಕಳು ಬೇರೆ ದಾರಿ ಹಿಡಿದಿದ್ದರು.

ಅಂಗಡಿಗಳ ಬೆಳವಣಿಗೆ ಇದರ ಇನ್ನೊಂದು ಮುಖ. ಉಡುಪಿಯಲ್ಲಿ 1935ರಲ್ಲಿ ಬೇರುಬಿಟ್ಟ ‘ಆಭರಣ’ದಂಥ ಸಂಸ್ಥೆ ಹಲವು ಊರುಗಳಿಗೆ ಹಬ್ಬಿತು. ಉಳಿತಾಯದ ಅಭ್ಯಾಸವನ್ನು ಮನೆಮನೆಗೆ ತಂದದ್ದೂ ಇದೇ ಊರು. ಟಿ.ಎಂ.ಎ. ಪೈ ಮತ್ತು ಸಂಗಡಿಗರು 1925ರಲ್ಲಿ ಉಡುಪಿಯಲ್ಲಿ ಕಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ದಿನಕ್ಕೆ ಎರಡಾಣೆಯಂತೆ ಏಜೆಂಟ್ ಮನೆಬಾಗಿಲಿಗೆ ಬಂದು ಒಯ್ಯುತ್ತಿದ್ದ ಹಣ ಹೆಣ್ಣುಮಕ್ಕಳ ಕೈಯಲ್ಲಿ ಕೊನೆಗೆ ಒಡವೆಯಾದದ್ದೂ ಉಂಟು. ಆಮೇಲೆ ಕೇರಳದ ದೊಡ್ಡ ಮಳಿಗೆಗಳು ಬಂದವು, ಕೊಯಮತ್ತೂರು, ತ್ರಿಶೂರಿನಿಂದ ಯಂತ್ರದ ಸರ ಬಂತು. ಬಂಗಾಳದ ಕೆಲಸಗಾರರು ಬಂದರು. ಚಿನ್ನ ಶುದ್ಧ ಮಾಡುವ ಗಲಾಯಿ ಕೆಲಸ ದೇಶದ ಹೆಚ್ಚಿನ ಪೇಟೆಗಳಂತೆ ಮಹಾರಾಷ್ಟ್ರದ ಸಾಂಗಲಿ ಕಡೆಯವರ ಪಾಲಾಯಿತು. ಊರ ಆಚಾರಿಗೆ ಉಳಿದದ್ದು ರಿಪೇರಿ, ಕರಿಮಣಿ ಕಟ್ಟುವುದು, ಕಿವಿ ಚುಚ್ಚುವುದು ಮತ್ತು ನಂಬಿದ ಮನೆಗಳ ಆರ್ಡರ್.

2025ರಲ್ಲಿ 22 ಕ್ಯಾರೆಟ್ ಚಿನ್ನ ಗ್ರಾಂಗೆ 10,000 ರೂಪಾಯಿ ದಾಟಿತು. ಅದೇ ವರ್ಷ 9 ಕ್ಯಾರೆಟ್ ಚಿನ್ನಕ್ಕೂ ಹಾಲ್‌ಮಾರ್ಕ್ ಸಿಗುವಂತಾಯಿತು. ಅದರಲ್ಲಿ ಚಿನ್ನ ಶೇ. 37.5 ಮಾತ್ರ. ಒಂದು ಕಾಲದಲ್ಲಿ ಸರ್ಕಾರ ಕಾನೂನಿನಿಂದ ಮಾಡಿಸಲು ಹೊರಟದ್ದನ್ನು ಈಗ ಬೆಲೆಯೇ ಮಾಡಿಸುತ್ತಿದೆ. ಸಣ್ಣ ಉದ್ಯಮಿಗಳು ಬೆಳ್ಳಿ, ಹಿತ್ತಾಳೆ, ತಾಮ್ರದ ಕಡೆ ತಿರುಗಿದ್ದಕ್ಕೂ ಇದೇ ಕಾರಣ. ಬಂಡವಾಳ ಕಡಿಮೆ, ಕೆಟ್ಟರೆ ನಷ್ಟ ಕಡಿಮೆ, ಹೊಸ ವಿನ್ಯಾಸಕ್ಕೆ ಧೈರ್ಯ ಹೆಚ್ಚು.

ವಿನ್ಯಾಸ

ಹೊಸಬರ ವಿನ್ಯಾಸಕ್ಕೆ ಈ ಸೀಮೆಯಲ್ಲಿ ಬರವಿಲ್ಲ. ಆಳುಪರ ಜೋಡಿಮೀನು, ಶಂಕರಪುರದ ಮಲ್ಲಿಗೆ ಮೊಗ್ಗು, ಮಟ್ಟುಗುಳ್ಳ ಬದನೆಯ ತೊಟ್ಟು, ಅಕ್ಕಿಮುಡಿಯ ಹುರಿ ಸುತ್ತು, ನಾಗಮಂಡಲದ ಗಂಟು, ಬಸದಿಯ ಕಂಬದ ಬಳ್ಳಿ ಎಲ್ಲವೂ ಕಣ್ಣೆದುರಿಗಿವೆ. ಮಲ್ಪೆಯಾಚೆ ಸೈಂಟ್ ಮೇರೀಸ್ ದ್ವೀಪದಲ್ಲಿ ಲಾವಾ ಕಲ್ಲು ಬಹುಭುಜದ ಕಂಬಗಳಾಗಿ ನಿಂತಿದೆ. ಆ ಬಹುಭುಜದ ಆಕಾರವನ್ನು ಬೆಳ್ಳಿ ತಗಡಿನಲ್ಲಿ ಕೊಯ್ದು ಒಂದರ ಪಕ್ಕ ಒಂದು ಕೂರಿಸಿದರೆ ಪದಕವಾಗುತ್ತದೆ. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿ ಕಾರ್ಪೊರೇಷನ್ ಬ್ಯಾಂಕ್ ತೆರೆದ ನಾಣ್ಯ ಸಂಗ್ರಹಾಲಯ, ಮಣಿಪಾಲದಲ್ಲಿ ವಿಜಯನಾಥ ಶೆಣೈ ಹಳೆಯ ಮನೆಗಳನ್ನು ತಂದು ಮರುಜೋಡಿಸಿದ ಹಸ್ತಶಿಲ್ಪ ಪರಂಪರಾ ಗ್ರಾಮ, ಇವು ನೋಟ್‌ಬುಕ್ಕು ಹಿಡಿದು ಹೋಗಬೇಕಾದ ಜಾಗಗಳು.

ಕಾಗದದ ಮೇಲೆ ಚೆಂದ ಕಂಡದ್ದು ಕಿವಿಯಲ್ಲಿ ಚೆಂದ ಕಾಣಲೇಬೇಕೆಂದಿಲ್ಲ. ಒಂದು ಓಲೆ ಎಂಟು–ಹತ್ತು ಗ್ರಾಂ ದಾಟಿದರೆ ದಿನವಿಡೀ ಹಾಕುವುದು ಕಷ್ಟ. ಹಳಬರು ಅದಕ್ಕೇ ಮಾಟಿ ಇಟ್ಟಿದ್ದರು, ಒಳಗೆ ಟೊಳ್ಳು ಬಿಟ್ಟು ಅರಗು ತುಂಬಿದ್ದರು. ಕೊಕ್ಕೆಯ ತಂತಿ 0.8 ಮಿಲಿಮೀಟರ್ ಆಸುಪಾಸಿರಬೇಕು. ದಪ್ಪವಾದರೆ ತೂತಿಗೆ ಹೋಗದು, ತೆಳುವಾದರೆ ಬಗ್ಗುತ್ತದೆ. ನಿಕ್ಕೆಲ್ ಬೆರೆತ ಅಗ್ಗದ ಕೊಕ್ಕೆ ಹಲವರ ಕಿವಿಗೆ ತುರಿಕೆ ತರುತ್ತದೆ. ಹಿತ್ತಾಳೆಯ ಓಲೆಗೂ ಬೆಳ್ಳಿಯ ಕೊಕ್ಕೆ ಹಾಕುವುದು ಒಳ್ಳೆಯ ರೂಢಿ.

ಕರಾವಳಿಯ ಹವೆ ಇನ್ನೊಂದು ಪರೀಕ್ಷೆ. ವರ್ಷಕ್ಕೆ 4,000 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ, ಕಡಲಿನ ಉಪ್ಪುಗಾಳಿಯಲ್ಲಿ ಬೆಳ್ಳಿ ಬೇಗ ಕಪ್ಪಾಗುತ್ತದೆ, ತಾಮ್ರ ಹಸಿರು ಹಿಡಿಯುತ್ತದೆ. ಕೆಲವರು ಇದನ್ನೇ ವಿನ್ಯಾಸ ಮಾಡಿಕೊಂಡಿದ್ದಾರೆ: ಬೇಕೆಂದೇ ಬೆಳ್ಳಿಯನ್ನು ಕಪ್ಪಾಗಿಸಿ, ಉಬ್ಬಿದ ಭಾಗ ಮಾತ್ರ ತಿಕ್ಕಿ ಬೆಳಗಿಸುತ್ತಾರೆ. ಆಗ ಗೆರೆ ಎದ್ದು ಕಾಣುತ್ತದೆ, ಮಳೆಗಾಲಕ್ಕೂ ಹೆದರಬೇಕಿಲ್ಲ.

ಒಂದು ಎಚ್ಚರ ಇಲ್ಲಿಯವರಿಗೆ ಹೇಳಬೇಕಿಲ್ಲ, ಹೊರಗಿನಿಂದ ಬಂದವರಿಗೆ ಹೇಳಬೇಕು. 2022ರ ‘ಕಾಂತಾರ’ ಚಿತ್ರದ ನಂತರ ಪಂಜುರ್ಲಿ ದೈವದ ಮುಖವನ್ನು ಎಲ್ಲೆಂದರಲ್ಲಿ ಬಳಸುವ ಆಸೆ ಹೆಚ್ಚಿದೆ. ದೈವದ ಮುಗ ಇಲ್ಲಿ ಅಲಂಕಾರದ ವಸ್ತುವಲ್ಲ, ಭಂಡಾರದಲ್ಲಿ ಮಡಿಯಿಂದ ಇಡುವಂಥದು. ಅದನ್ನು ಕಾಲ್ಗೆಜ್ಜೆಗೋ ಕೀಚೈನಿಗೋ ಇಳಿಸಿದವರಿಗೆ ಊರಲ್ಲಿ ಗಿರಾಕಿ ಸಿಗುವುದಿಲ್ಲ.

ಲೆಕ್ಕ

ಸಣ್ಣ ಉದ್ಯಮ ಸೋಲುವುದು ಹೆಚ್ಚಾಗಿ ಬೆಲೆ ಕಟ್ಟುವಲ್ಲಿ. ಬೆಳ್ಳಿ ಗ್ರಾಂಗೆ 150 ರೂಪಾಯಿ ಎಂದಿಟ್ಟುಕೊಂಡು 12 ಗ್ರಾಂನ ಒಂದು ಜೋಡಿ ಓಲೆಯ ಲೆಕ್ಕ ನೋಡಬಹುದು. ಲೋಹಕ್ಕೆ 1,800 ರೂಪಾಯಿ. ಅರ, ಪಾಲಿಶ್‌ನಲ್ಲಿ ಮರಳಿ ಸಿಗದೆ ಹೋದ 0.4 ಗ್ರಾಂಗೆ 60. ಕೊಕ್ಕೆ, ಪಾಲಿಶ್, ಡಬ್ಬಿಗೆ 140. ಐದು ಗಂಟೆಯ ಕೆಲಸಕ್ಕೆ ಗಂಟೆಗೆ 150ರಂತೆ 750. ಇಲ್ಲಿಗೆ 2,750. ಬಾಡಿಗೆ, ಕರೆಂಟು, ಸವೆದ ಹತ್ಯಾರದ ಪಾಲು 250 ಸೇರಿಸಿದರೆ 3,000. ಮಾರಾಟವಾಗದೆ ಉಳಿಯುವ ಸರಕು, ಬದಲಾಯಿಸಿ ಕೊಡುವ ಖರ್ಚಿಗೆಂದು ಶೇ. 15 ಇಟ್ಟರೆ 3,450. ಜಿಎಸ್‌ಟಿ ಶೇ. 3 ಸೇರಿ ಸುಮಾರು 3,550.

ಇದೇ ಓಲೆಯನ್ನು ರಬ್ಬರ್ ಅಚ್ಚಿನಲ್ಲಿ ಮೇಣ ತುಂಬಿ ಹತ್ತಾರು ಎರಕ ಹೊಯ್ದರೆ ಕೂಲಿ ಐದು ಗಂಟೆಯಿಂದ ಒಂದು ಗಂಟೆಗೆ ಇಳಿಯುತ್ತದೆ. 600 ರೂಪಾಯಿ ಅಲ್ಲೇ ಉಳಿಯಿತು. ಮೊದಲನೆಯದನ್ನು ಕೈಯಲ್ಲಿ ಮಾಡಿ ಉಳಿದದ್ದನ್ನು ಅಚ್ಚಿನಲ್ಲಿ ತೆಗೆಯುವವರೂ ಇದ್ದಾರೆ, ಪ್ರತಿಯೊಂದನ್ನೂ ಕೈಯಲ್ಲೇ ಮಾಡುವವರೂ ಇದ್ದಾರೆ. ಎರಡೂ ಮರ್ಯಾದೆಯ ಕೆಲಸವೇ. ಯಾವುದೆಂದು ಗಿರಾಕಿಗೆ ತಿಳಿಸಬೇಕು, ಅಷ್ಟೆ. ಮನೆಯವರ ದುಡಿಮೆಗೆ, ಅದರಲ್ಲೂ ಹೆಂಗಸರ ದುಡಿಮೆಗೆ ಕೂಲಿಯೇ ಹಾಕದೆ ಬೆಲೆ ಇಳಿಸುವ ರೂಢಿ ಈ ಕಸುಬಿನ ಹಳೆಯ ದೋಷ.

ಮುದ್ರೆ, ಕಾನೂನು, ಆರೋಗ್ಯ

ಚಿನ್ನದೊಡವೆಗೆ ಹಾಲ್‌ಮಾರ್ಕ್ 2021ರ ಜೂನ್ 16ರಿಂದ ದೇಶದ 256 ಜಿಲ್ಲೆಗಳಲ್ಲಿ ಕಡ್ಡಾಯವಾಗಿ ಶುರುವಾಗಿ, ಆಮೇಲೆ ಇನ್ನಷ್ಟು ಜಿಲ್ಲೆಗಳಿಗೆ ಹಬ್ಬಿತು. ಈಗ ಮೂರು ಗುರುತು ಇರಬೇಕು: ಭಾರತೀಯ ಮಾನಕ ಬ್ಯೂರೋದ ಲಾಂಛನ, ‘22ಕೆ916’ ಎಂಬಂತೆ ಶುದ್ಧತೆ, ಅಕ್ಷರ–ಅಂಕಿ ಸೇರಿದ ಆರು ಸ್ಥಾನದ ಎಚ್‌ಯುಐಡಿ. 2023ರ ಏಪ್ರಿಲ್ 1ರಿಂದ ಎಚ್‌ಯುಐಡಿ ಇಲ್ಲದೆ ಮಾರುವಂತಿಲ್ಲ. ಎರಡು ಗ್ರಾಂಗಿಂತ ಕಡಿಮೆ ತೂಕದ ಒಡವೆಗೆ, ವರ್ಷಕ್ಕೆ 40 ಲಕ್ಷ ರೂಪಾಯಿವರೆಗಿನ ವಹಿವಾಟಿನ ವ್ಯಾಪಾರಿಗೆ ವಿನಾಯಿತಿಯಿದೆ. ಸಣ್ಣ ಆಚಾರಿಗೆ ಇದು ನೆರಳು. ಆದರೆ ಮುದ್ರೆ ಕೇಳುವ ಗಿರಾಕಿ ದೊಡ್ಡ ಮಳಿಗೆಗೇ ಹೋಗುತ್ತಾನೆ ಎಂಬುದೂ ನಿಜ. ಬೆಳ್ಳಿಗೆ ಹಾಲ್‌ಮಾರ್ಕ್ ಐಚ್ಛಿಕ. ಒಡವೆಗೆ ಹೆಚ್ಚು ಬಳಕೆ 925, ಎಂದರೆ ನೂರಕ್ಕೆ 92.5 ಪಾಲು ಬೆಳ್ಳಿ. ತೂಕಕ್ಕೆ ಬಳಸುವ ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಕಾನೂನು ಮಾಪನ ಇಲಾಖೆಯ ಸೀಲು ಬೀಳಬೇಕು.

‘ಕೆಡಿಎಂ’ ಚಿನ್ನ ಎಂಬ ಮಾತನ್ನು ಈಗಲೂ ಶುದ್ಧತೆಯ ಗುರುತೆಂದು ನಂಬಿದವರಿದ್ದಾರೆ. ಅದು ಕ್ಯಾಡ್ಮಿಯಂ ಬೆರೆಸಿದ ಬೆಸುಗೆಯ ಹೆಸರು. ಕ್ಯಾಡ್ಮಿಯಂ 767 ಡಿಗ್ರಿಯಲ್ಲೇ ಆವಿಯಾಗುತ್ತದೆ. ಊದುಗೊಳವೆ ಹಿಡಿದು ಕೂತವನ ಶ್ವಾಸಕೋಶ, ಮೂತ್ರಪಿಂಡ ಎರಡಕ್ಕೂ ಆ ಹೊಗೆ ವಿಷ. ಬೆಸುಗೆಯ ಬಳಿಕ ಒಡವೆ ಅದ್ದುವ ಆಸಿಡ್ಡನ್ನು ಅಡುಗೆ ಸೋಡಾ ಹಾಕಿ ಶಮನ ಮಾಡದೆ ಚರಂಡಿಗೆ ಬಿಡಬಾರದು. ಮನೆಗೊಂದು ಬಾವಿಯಿರುವ ಊರಿದು.

ಕಲಿಕೆ

ಹಿಂದೆ ಕಲಿಕೆ ಅಪ್ಪನಿಂದ ಮಗನಿಗೆ, ಸೋದರಮಾವನಿಂದ ಅಳಿಯನಿಗೆ. ಹುಡುಗ ಮೊದಲ ವರ್ಷ ಇದ್ದಲು ಊದಬೇಕು, ನೆಲ ಗುಡಿಸಬೇಕು. ಚಿನ್ನ ಕೈಗೆ ಬರುವುದು ಆಮೇಲೆ. ಈಗ ಜಾತಿಯ ಗಡಿ ಸಡಿಲವಾಗಿದೆ. ಕಾರ್ಕಳದ ಬಳಿ ಮಿಯ್ಯಾರಿನ ಜೋಡುಕಟ್ಟೆಯಲ್ಲಿ ಕೆನರಾ ಬ್ಯಾಂಕಿನ ಆಶ್ರಯದ ಸಿ.ಇ. ಕಾಮತ್ ಕುಶಲಕರ್ಮಿಗಳ ತರಬೇತಿ ಸಂಸ್ಥೆ ಕಲ್ಲು, ಮರ, ಲೋಹದ ಎರಕ ಮುಂತಾದವನ್ನು ಊಟ–ವಸತಿ ಕೊಟ್ಟು ಉಚಿತವಾಗಿ ಕಲಿಸುತ್ತದೆ. ಒಡವೆಯೇ ಅಲ್ಲಿನ ಮುಖ್ಯ ಪಾಠವಲ್ಲ. ಆದರೆ ಮೇಣ ಮಿದ್ದಿ ಕಂಚು ಹೊಯ್ಯಲು ಕಲಿತವರಿಗೆ ಪದಕ, ಕಡಗ ದೂರದ ಮಾತಲ್ಲ. ಮಣಿಪಾಲದ ಮಾಹೆ ವಿಶ್ವವಿದ್ಯಾಲಯದಲ್ಲಿ ಫ್ಯಾಷನ್ ವಿನ್ಯಾಸದ ಪದವಿಯಿದೆ. ಚಿತ್ರ ಬರೆಯಬಲ್ಲವರು ಮಣಿಪಾಲದಲ್ಲಿ, ಲೋಹ ಕರಗಿಸಬಲ್ಲವರು ಕಾರ್ಕಳ, ಕಾಪುವಿನಲ್ಲಿ. ನಡುವಿನ ದಾರಿ ಬಸ್ಸಿನಲ್ಲಿ ಒಂದು ಗಂಟೆಯ ಆಸುಪಾಸು. ಇಬ್ಬರನ್ನು ಸೇರಿಸುವ ಕೆಲಸ ಇನ್ನೂ ಬಿಡಿಬಿಡಿಯಾಗಿಯೇ ನಡೆದಿದೆ.

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಅಕ್ಕಸಾಲಿಗರೂ ಇದ್ದಾರೆ. ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ, ಹತ್ಯಾರಕ್ಕೆ 15,000 ರೂಪಾಯಿ, ಶೇ. 5ರ ಬಡ್ಡಿಗೆ ಮೊದಲು 1 ಲಕ್ಷ, ತೀರಿಸಿದ ಮೇಲೆ 2 ಲಕ್ಷ ಸಾಲ ಸಿಗುತ್ತದೆ. ಚಿನ್ನದ ಇಂದಿನ ಬೆಲೆಗೆ 1 ಲಕ್ಷ ರೂಪಾಯಿ ಎಂದರೆ ಹತ್ತು ಗ್ರಾಂಗೂ ಸಾಲದು. ಬೆಳ್ಳಿ, ಹಿತ್ತಾಳೆಯ ಕೆಲಸ ಶುರುಮಾಡುವವರಿಗೆ ಮಾತ್ರ ಅದು ನಿಜವಾದ ಬಂಡವಾಳ.

ಇಂದಿನ ಸ್ಥಿತಿ

ಉಡುಪಿ ಮಲ್ಲಿಗೆ, ಮಟ್ಟುಗುಳ್ಳ, ಉಡುಪಿ ಸೀರೆ ಮೂರಕ್ಕೂ ಭೌಗೋಳಿಕ ಗುರುತು ಇದೆ. ರಾಜ್ಯದ ಲೋಹಕಲೆಗಳಲ್ಲಿ ಬೀದರಿನ ಬಿದ್ರಿಗೆ 2006ರಲ್ಲೇ ಅದು ಸಿಕ್ಕಿತು. ತುಳುನಾಡಿನ ಒಡವೆ ಇನ್ನೂ ಯಾವ ಹೆಸರಿನಲ್ಲೂ ಒಂದಾಗಿ ನಿಂತಿಲ್ಲ. ಅದಕ್ಕೆ ಬೇಕಾದ ಮೊದಲ ವಸ್ತು ದಾಖಲೆ: ಯಾವ ಒಡವೆ, ಯಾವ ಮನೆಯದು, ಹೇಗೆ ಮಾಡಿದ್ದು. ಆ ದಾಖಲೆ ಇರುವುದು ಅಜ್ಜಿಯರ ಪೆಟ್ಟಿಗೆಗಳಲ್ಲಿ. ಬೆಲೆ ಏರಿದಾಗಲೆಲ್ಲ ಆ ಪೆಟ್ಟಿಗೆಗಳೇ ಮೂಸೆಗೆ ಖಾಲಿಯಾಗುತ್ತಿವೆ.

ಮನೆಯಲ್ಲಿ ಬುಗುಡಿಯೋ ಕೇದಗೆಯೋ ಇದ್ದು ಅದನ್ನು ಕರಗಿಸಲೇಬೇಕಾಗಿ ಬಂದರೆ, ಮೊದಲು ಒಂದು ಅಳತೆಪಟ್ಟಿಯ ಪಕ್ಕದಲ್ಲಿಟ್ಟು ಎದುರು, ಹಿಂದು ಎರಡೂ ಬದಿಯ ಫೋಟೋ ತೆಗೆದಿಡಿ. ತೂಕ, ಮನೆಮಾತಿನಲ್ಲಿ ಅದರ ಹೆಸರು, ಗೊತ್ತಿದ್ದರೆ ಮಾಡಿದ ಆಚಾರಿಯ ಊರು ಬರೆದಿಡಿ. ಅಷ್ಟಿದ್ದರೆ ಅದೇ ಅಳತೆಯಲ್ಲಿ ಬೆಳ್ಳಿಯದ್ದೋ ಹಿತ್ತಾಳೆಯದ್ದೋ ಇನ್ನೊಂದನ್ನು ಊರಿನ ಕೆಲಸಗಾರರಿಂದಲೇ ಮಾಡಿಸಿಕೊಳ್ಳಬಹುದು.